ಕಂದಾಯ ರಸೀದಿಯಲ್ಲಿ ನೂರಕ್ಕೆ ಆರು: ಕರ್ನಾಟಕದ ಗ್ರಾಮ ಪಂಚಾಯತಿ ಗ್ರಂಥಾಲಯಗಳ ಹಸ್ತಾಂತರ – ಒಂದು ಪ್ರಕರಣ ಅಧ್ಯಯನ

ಪಂಚಾಯತಿ ಕಚೇರಿಯಲ್ಲಿ ಮನೆ ಕಂದಾಯ ಕಟ್ಟಿದಾಗ ಸಿಗುವ ರಸೀದಿಯನ್ನು ನಮ್ಮಲ್ಲಿ ಹೆಚ್ಚಿನವರು ಕೊನೆಯ ಮೊತ್ತವನ್ನಷ್ಟೇ ನೋಡಿ ಮಡಿಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಆ ಚೀಟಿಯಲ್ಲಿ ಮೂಲ ತೆರಿಗೆಯ ಕೆಳಗೆ ಬೇರೆ ನಾಲ್ಕು ಬಾಬತ್ತುಗಳಿರುತ್ತವೆ: ಆರೋಗ್ಯ ಕರ ಶೇ 15, ಶಿಕ್ಷಣ ಕರ ಶೇ 10, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಸಾವಿರ ರೂಪಾಯಿ ಕಂದಾಯದ ಮನೆಯವರು ಒಟ್ಟು 1,340 ರೂಪಾಯಿ ಕಟ್ಟುತ್ತಾರೆ. ಅದರಲ್ಲಿ 60 ರೂಪಾಯಿ ಗ್ರಂಥಾಲಯದ್ದು. ಮನೆಯಲ್ಲಿ ಓದುಬರಹ ಬಲ್ಲವರು ಇದ್ದರೂ ಇಲ್ಲದಿದ್ದರೂ, ಊರಿನ ಗ್ರಂಥಾಲಯದ ಬಾಗಿಲು ತೆರೆದಿದ್ದರೂ ಮುಚ್ಚಿದ್ದರೂ, ಆ 60 ರೂಪಾಯಿ ತಪ್ಪುವುದಿಲ್ಲ. ಆ ಹಣ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಕೊನೆಗೆ ಪುಸ್ತಕವಾಗಿ ಊರಿಗೆ ಮರಳುತ್ತದೆಯೇ ಎಂಬುದೇ ಈ ಅಧ್ಯಯನದ ವಿಷಯ. ಅದನ್ನು ನೋಡುವುದಕ್ಕೆ ನಾನು ಆರಿಸಿಕೊಂಡಿರುವ ಸಂದರ್ಭ, 2019ರಲ್ಲಿ ಕರ್ನಾಟಕದ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದದ್ದು.

ಕಾನೂನಿನ ಹಿನ್ನೆಲೆ

ಭಾರತದಲ್ಲಿ ಇಡೀ ದೇಶಕ್ಕೆ ಅನ್ವಯವಾಗುವ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಎಂಬುದಿಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಗ್ರಂಥಾಲಯವು ರಾಜ್ಯ ಪಟ್ಟಿಯ 12ನೇ ನಮೂದಿನಲ್ಲಿದೆ. ಹಾಗಾಗಿ ಕೇಂದ್ರದ ಪಾತ್ರ ಬೇರೆ ಬಗೆಯದು. ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವನ್ನು ಅದು ನಡೆಸುತ್ತದೆ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯ ಮೂಲಕ, ದೇಶದಲ್ಲಿ ಅಚ್ಚಾಗುವ ಪ್ರತಿ ಪುಸ್ತಕದ ಒಂದೊಂದು ಪ್ರತಿ ಕೋಲ್ಕತ್ತ, ಚೆನ್ನೈ, ಮುಂಬೈ, ದೆಹಲಿಗಳ ನಾಲ್ಕು ಗ್ರಂಥಾಲಯಗಳನ್ನು ಸೇರಬೇಕೆಂದು ವಿಧಿಸುತ್ತದೆ. 1972ರಲ್ಲಿ ಸ್ಥಾಪನೆಯಾದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ಮೂಲಕ ರಾಜ್ಯಗಳಿಗೆ ಪುಸ್ತಕ, ಪೀಠೋಪಕರಣ, ಕಟ್ಟಡಗಳಿಗೆ ನೆರವು ಕೊಡುತ್ತದೆ. ಆ ನೆರವಿನ ಒಂದು ಭಾಗ ಸಿಗಬೇಕಾದರೆ ರಾಜ್ಯವೂ ತನ್ನ ಪಾಲಿನ ಹಣ ಹಾಕಬೇಕು. ಅಂದರೆ ಊರಿನ ಗ್ರಂಥಾಲಯಕ್ಕೆ ದಿನನಿತ್ಯದ ಆಸರೆ ದೆಹಲಿಯಿಂದ ಬರುವುದಲ್ಲ. ಅದು ರಾಜ್ಯದ ಕಾನೂನು ಮತ್ತು ಸ್ಥಳೀಯ ಸಂಸ್ಥೆಯ ಗಲ್ಲಾಪೆಟ್ಟಿಗೆಯನ್ನು ಅವಲಂಬಿಸಿದೆ.

ಗ್ರಂಥಾಲಯಕ್ಕೆಂದೇ ಮೀಸಲಾದ ತೆರಿಗೆಯೊಂದು ಬೇಕು ಎಂದು ಹಟ ಹಿಡಿದವರು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್. 1930ರಲ್ಲಿ ಬನಾರಸಿನ ಅಖಿಲ ಏಷ್ಯಾ ಶಿಕ್ಷಣ ಸಮ್ಮೇಳನದಲ್ಲಿ ಅವರು ಮಾದರಿ ಗ್ರಂಥಾಲಯ ಕಾಯ್ದೆಯ ಕರಡನ್ನು ಮಂಡಿಸಿದರು. ಅದಕ್ಕೆ ಫಲ ಸಿಗಲು ಹದಿನೆಂಟು ವರ್ಷ ಬೇಕಾಯಿತು: 1948ರಲ್ಲಿ ಮದ್ರಾಸ್ ಪ್ರಾಂತ್ಯ ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯ್ದೆಯನ್ನು ತಂದಿತು. ಹಣಕಾಸು ಇಲಾಖೆಗೆ ಪ್ರತಿ ವರ್ಷ ಅರ್ಜಿ ಹಿಡಿದು ಹೋಗುವ ಗ್ರಂಥಾಲಯ, ಬರಗಾಲ ಬಂದಾಗ, ಚುನಾವಣೆ ಬಂದಾಗ ಎಲ್ಲರಿಗಿಂತ ಮೊದಲು ಹಸಿಯುತ್ತದೆ ಎಂಬುದು ಅನುಭವದ ಮಾತು. ಆಸ್ತಿ ತೆರಿಗೆಗೆ ಜೋಡಿಸಿದ ಕರವಿದ್ದರೆ ಸಣ್ಣದಾದರೂ ನಿಲ್ಲದ ವರಮಾನವೊಂದು ಇರುತ್ತದೆ. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು, 1962ರಲ್ಲಿ ಇಲ್ಲಿಯೇ ಪ್ರಲೇಖನ (ಡಾಕ್ಯುಮೆಂಟೇಶನ್) ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು, 1972ರಲ್ಲಿ ಇಲ್ಲಿಯೇ ತೀರಿಕೊಂಡರು.

ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು. 1966ರ ನವೆಂಬರ್ 1ರಿಂದ ಜಾರಿಗೆ ಬಂತು. ಇದರ ಕಟ್ಟೋಣ ಅಚ್ಚುಕಟ್ಟಾದದ್ದು. ಮೇಲೆ ರಾಜ್ಯ ಗ್ರಂಥಾಲಯ ಪ್ರಾಧಿಕಾರ. ಅದರ ಕೆಳಗೆ ನಗರಗಳಿಗೂ ಜಿಲ್ಲೆಗಳಿಗೂ ಪ್ರತ್ಯೇಕ ಪ್ರಾಧಿಕಾರಗಳು. ಬೆಂಗಳೂರಿನ ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ. ಪ್ರತಿ ಜಿಲ್ಲೆಗೆ ಕೇಂದ್ರ ಗ್ರಂಥಾಲಯ, ಅದರಡಿ ಶಾಖೆಗಳು. ರಾಜ್ಯ ಗ್ರಂಥಾಲಯ ಸೇವೆ ಎಂಬುದನ್ನು ರೂಪಿಸಿ ಅದರ ಸಿಬ್ಬಂದಿಯನ್ನು ಸರ್ಕಾರಿ ನೌಕರರನ್ನಾಗಿ ಮಾಡಿದ್ದು ಈ ಕಾಯ್ದೆಯ ದೊಡ್ಡ ಹೆಜ್ಜೆ. ಎರಡು ವರ್ಷ ತಡವಾಗಿ, 1967ರಲ್ಲಿ, ಕಾಯ್ದೆ ತಂದ ಮಹಾರಾಷ್ಟ್ರವು ಕರವನ್ನೇ ವಿಧಿಸದೆ ಖಾಸಗಿ ವಾಚನಾಲಯಗಳಿಗೆ ಅನುದಾನ ಕೊಡುವ ದಾರಿ ಹಿಡಿಯಿತು. ಕೇರಳದಲ್ಲಿ ಪಿ. ಎನ್. ಪಣಿಕ್ಕರ್ ಮುಂದಾಳತ್ವದಲ್ಲಿ 1945ರಿಂದ ಬೆಳೆದುಬಂದ ಜನರ ಗ್ರಂಥಾಲಯ ಸಂಘಗಳೇ 1989ರ ಕಾಯ್ದೆಗೆ ಬುನಾದಿಯಾದವು. ಕರ್ನಾಟಕದ್ದು ಮಾತ್ರ ನಖಶಿಖಾಂತ ಸರ್ಕಾರಿ ಇಲಾಖೆಯ ವ್ಯವಸ್ಥೆ. ಅದರ ಬಲ ಇರುವುದೂ ಅಲ್ಲಿಯೇ, ದೌರ್ಬಲ್ಯ ಇರುವುದೂ ಅಲ್ಲಿಯೇ.

ಹಸ್ತಾಂತರಕ್ಕೆ ಮೊದಲು

ಕಾಯ್ದೆಯ ನಕ್ಷೆ ಜಿಲ್ಲಾ ಕೇಂದ್ರದವರೆಗೆ ಗಟ್ಟಿಯಾಗಿತ್ತು. ಹಳ್ಳಿಗೆ ಬಂದಾಗ ತೆಳುವಾಯಿತು. ಪಂಚಾಯತಿ ಗ್ರಂಥಾಲಯಗಳನ್ನು ತೆರೆದಾಗ ಅಲ್ಲಿಗೆ ರಾಜ್ಯ ಗ್ರಂಥಾಲಯ ಸೇವೆಯ ನೌಕರ ಬರಲಿಲ್ಲ. ಊರಿನವರೇ ಒಬ್ಬರು ‘ಮೇಲ್ವಿಚಾರಕ’ರಾದರು. ಅವರಿಗೆ ಸಂಬಳವಿಲ್ಲ, ಗೌರವಧನ. ದಿನಕ್ಕೆ ನಾಲ್ಕು ಗಂಟೆ ಕೆಲಸ, ಅದೂ ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು. ಕಸ ಗುಡಿಸುವುದು, ಪತ್ರಿಕೆ ಜೋಡಿಸುವುದು, ಪುಸ್ತಕ ಕೊಡುವುದು, ಲೆಕ್ಕ ಬರೆಯುವುದು, ಜಿಲ್ಲಾ ಕಚೇರಿಗೆ ಓಡುವುದು, ಎಲ್ಲವೂ ಒಬ್ಬರೇ.

ಬಯಲುಸೀಮೆಯ ಒಂದು ಊರಿನಲ್ಲಿ ನಾನು ಕಂಡ ಇಂಥ ಕೋಣೆಯನ್ನು ಇಲ್ಲಿ ಬಣ್ಣಿಸುವುದು ಅಗತ್ಯ, ಏಕೆಂದರೆ ಆಡಳಿತದ ದೋಷ ಕಡತಕ್ಕಿಂತ ಅಲ್ಲಿ ಸ್ಪಷ್ಟವಾಗಿತ್ತು. ಹಳೆಯ ಪಂಚಾಯತಿ ಕಟ್ಟಡದ ಪಕ್ಕದ ಕೊಠಡಿ. ಒಂದು ಉದ್ದನೆಯ ಮೇಜು, ಎರಡು ಬೆಂಚು. ಮೇಜಿನ ಮೇಲೆ ಮೂರು ದಿನಪತ್ರಿಕೆ. ಪುಟಗಳು ಬೇರೆಯಾಗದಂತೆ ಮಡಿಕೆಯಲ್ಲಿ ದಾರ ಹಾಕಿ ಹೊಲಿದಿದ್ದರು. ಗೋಡೆಗೆ ಒರಗಿದ್ದ ಎರಡು ಗಾಜಿನ ಬೀರುಗಳಲ್ಲಿ ಸಾವಿರಕ್ಕೆ ಕಡಿಮೆಯಿಲ್ಲದ ಪುಸ್ತಕಗಳಿದ್ದವು, ಎರಡಕ್ಕೂ ಬೀಗ. ಮೂಲೆಯಲ್ಲಿ ಹಗ್ಗ ಕಟ್ಟಿದ ಎರಡು ಕಟ್ಟುಗಳು ಇನ್ನೂ ಬಿಚ್ಚದೆ ಇದ್ದವು. ಬೀಗ ಏಕೆಂದು ಕೇಳಿದಾಗ ಮೇಲ್ವಿಚಾರಕರು, “ಒಂದು ಪುಸ್ತಕ ಕಳೆದ್ರೆ ಆಡಿಟ್‌ನಲ್ಲಿ ನನ್ನ ಮೇಲೆ ಬರುತ್ತೆ ಸರ್. ನನ್ನ ಗೌರವಧನದಲ್ಲಿ ನಾನು ಎಷ್ಟೂಂತ ಕಟ್ಟಲಿ?” ಎಂದರು. ಪುಸ್ತಕವಿರುವುದು ಬಳಕೆಗಾಗಿ ಎಂಬುದು ರಂಗನಾಥನ್ 1931ರಲ್ಲಿ ಹೇಳಿದ ಗ್ರಂಥಾಲಯ ವಿಜ್ಞಾನದ ಮೊದಲನೆಯ ಸೂತ್ರ. ಆ ಮನುಷ್ಯನಿಗೆ ಪುಸ್ತಕದ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ದಾಸ್ತಾನು ಕಾಪಾಡುವವನನ್ನು ಹೊಣೆಗಾರನನ್ನಾಗಿಸಿ, ಓದಿಸುವವನಿಗೆ ಯಾವ ಮನ್ನಣೆಯನ್ನೂ ಕೊಡದ ವ್ಯವಸ್ಥೆಯಲ್ಲಿ ಬೀಗವೇ ಬುದ್ಧಿವಂತಿಕೆ.

ಬಿಚ್ಚದ ಆ ಕಟ್ಟುಗಳ ಕಥೆ ಬೇರೆ. ಇಲಾಖೆ ಪ್ರತಿ ವರ್ಷದ ಹೊಸ ಪುಸ್ತಕಗಳಲ್ಲಿ ಆಯ್ಕೆ ಮಾಡಿ, ಒಂದೊಂದರ ಕೆಲವು ನೂರು ಪ್ರತಿಗಳನ್ನು ಸಗಟಾಗಿ ಕೊಳ್ಳುತ್ತದೆ. ಸಾವಿರ ಪ್ರತಿ ಅಚ್ಚು ಹಾಕುವುದೇ ಸಾಹಸವಾದ ಕನ್ನಡ ಪ್ರಕಾಶನಕ್ಕೆ ಈ ಸಗಟು ಖರೀದಿ ಉಸಿರು. ಅದು ನಿಂತರೆ ಅಥವಾ ಬಾಕಿ ಬಿದ್ದರೆ ಎಷ್ಟೋ ಸಣ್ಣ ಪ್ರಕಾಶಕರು ಮುಂದಿನ ಪುಸ್ತಕಕ್ಕೆ ಕೈ ಹಾಕುವುದಿಲ್ಲ. ಈ ಯೋಜನೆಯನ್ನು ಕೈಬಿಡಬೇಕೆಂದು ನಾನು ಎಂದೂ ಹೇಳಲಾರೆ. ಆದರೆ ಪುಸ್ತಕ ಯಾವ ಊರಿಗೆ, ಯಾವ ಓದುಗನಿಗೆ ಎಂಬ ಪ್ರಶ್ನೆಯನ್ನು ಕೇಳದೆ ಹಂಚಿದರೆ, ಸಂಶೋಧನ ಗ್ರಂಥವೊಂದು ಐದನೇ ತರಗತಿಯ ಮಕ್ಕಳೇ ಮುಖ್ಯ ಓದುಗರಾದ ಊರನ್ನು ತಲುಪುತ್ತದೆ, ಆ ಮಕ್ಕಳಿಗೆ ಬೇಕಾದ ಚಿತ್ರಪುಸ್ತಕ ತಲುಪುವುದಿಲ್ಲ.

ಇನ್ನು ಕರದ ವಿಷಯ. ವಸೂಲಿ ಮಾಡುವುದು ಪಂಚಾಯತಿ, ನಗರಸಭೆ, ಪಾಲಿಕೆಗಳು. ಖರ್ಚು ಮಾಡುವುದು ಗ್ರಂಥಾಲಯ ಪ್ರಾಧಿಕಾರ. ಕಾನೂನಿನ ಪ್ರಕಾರ ಈ ಹಣ ಸ್ಥಳೀಯ ಸಂಸ್ಥೆಯದ್ದಲ್ಲ. ಅದು ವಸೂಲಿ ಮಾಡಿ ದಾಟಿಸಬೇಕಾದ ಹಣ. ಆದರೆ ಬೀದಿದೀಪದ ಬಿಲ್ಲು, ಕೊಳವೆಬಾವಿಯ ಮೋಟಾರು ದುರಸ್ತಿ, ನೀರುಗಂಟಿಯ ಸಂಬಳ ಎದುರು ನಿಂತಾಗ ಅದೇ ಖಾತೆಯಲ್ಲಿರುವ ಗ್ರಂಥಾಲಯದ ಹಣವನ್ನು ಯಾರೂ ಕೇಳುವವರಿಲ್ಲ. ನಗರಗಳಲ್ಲೂ ಬಾಕಿ ಬೆಟ್ಟದಷ್ಟು ಬೆಳೆದದ್ದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದ ಸುದ್ದಿ. ಹೀಗಾಗಿ ಹಳ್ಳಿಯವನು 60 ರೂಪಾಯಿ ಕೊಟ್ಟ, ಪಂಚಾಯತಿ ಪಡೆಯಿತು, ಗ್ರಂಥಾಲಯಕ್ಕೆ ಮುಟ್ಟಲಿಲ್ಲ. ಮುಟ್ಟದೆ ಹೋದದ್ದಕ್ಕೆ ಪಂಚಾಯತಿ ಇಲಾಖೆಯ ಕಡೆ, ಇಲಾಖೆ ಪಂಚಾಯತಿಯ ಕಡೆ ಬೆರಳು ತೋರಿಸಿದವು. ಗ್ರಂಥಾಲಯದ ಹಂಚು ಸೋರಿದರೆ ಕಟ್ಟಡ ಪಂಚಾಯತಿಯದು, ದುರಸ್ತಿಯ ಕೋರಿಕೆ ಹೋಗಬೇಕಾದದ್ದು ಜಿಲ್ಲಾ ಗ್ರಂಥಾಲಯಕ್ಕೆ, ಮಳೆ ಮಾತ್ರ ಪುಸ್ತಕಗಳ ಮೇಲೆ.

2019ರ ತೀರ್ಮಾನ ಮತ್ತು ಅದರ ಫಲ

ಸಂವಿಧಾನದ 73ನೇ ತಿದ್ದುಪಡಿ ಸೇರಿಸಿದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ, 20ನೆಯದು ಗ್ರಂಥಾಲಯ. ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಅಧಿಕಾರ ವಿಕೇಂದ್ರೀಕರಣದಲ್ಲಿ ದೇಶಕ್ಕೆ ಮೇಲ್ಪಂಕ್ತಿ ಹಾಕಿಕೊಟ್ಟ ಕರ್ನಾಟಕ, ಈ ಒಂದು ವಿಷಯವನ್ನು ಕೈಬಿಟ್ಟುಕೊಡಲು ಮತ್ತೆ ಇಪ್ಪತ್ತಾರು ವರ್ಷ ತೆಗೆದುಕೊಂಡಿತು. ಕೊನೆಗೆ 2019ರಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಅದರೊಂದಿಗೆ ವಸೂಲಿ ಮಾಡುವವರೂ ಖರ್ಚು ಮಾಡುವವರೂ ಒಬ್ಬರೇ ಆದರು: ಪಂಚಾಯತಿ ತಾನು ಸಂಗ್ರಹಿಸಿದ ಗ್ರಂಥಾಲಯ ಕರವನ್ನು ತನ್ನ ಊರಿನ ಗ್ರಂಥಾಲಯಕ್ಕೇ ಬಳಸಬಹುದಾಯಿತು.

ಫಲ ಬೇಗನೆ ಕಾಣಿಸಿತು. ಸೋರುವ ಹಂಚಿಗೆ ಈಗ ಇನ್ನೊಂದು ಇಲಾಖೆಯ ಅನುಮತಿ ಬೇಡ. ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮನಸ್ಸು ಮಾಡಿದರೆ ಸಾಕು. ಪಾಳುಬಿದ್ದ ಕಟ್ಟಡಗಳನ್ನು ಹುಡುಕಿ ದುರಸ್ತಿ ಮಾಡಿದರು, ಗೋಡೆಗೆ ಬಣ್ಣ ಬಂತು, ಮಕ್ಕಳ ಎತ್ತರಕ್ಕೆ ತೆರೆದ ಕಪಾಟುಗಳು ಬಂದವು, ಅನೇಕ ಕಡೆ ಕಂಪ್ಯೂಟರ್, ಅಂತರಜಾಲ, ಅಂಗವಿಕಲರಿಗೆ ಇಳಿಜಾರು ಬಂದವು. ಮೇಲ್ವಿಚಾರಕರಿಗೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ಮೂಲಕ ತರಬೇತಿ ನಡೆಯಿತು. ತೆರೆದಿರುವ ಸಮಯ ಹೆಚ್ಚಿತು, ಗೌರವಧನವೂ ಏರಿತು. 2020ರ ನವೆಂಬರ್‌ನಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿ ತಿಂಗಳುಗಳೇ ಆಗಿದ್ದ ಹೊತ್ತಿನಲ್ಲಿ, ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಲಕ್ಷಗಟ್ಟಲೆ ಮಕ್ಕಳು ಸದಸ್ಯರಾದರು. ಶಾಲೆ ಇಲ್ಲದ, ಮನೆಯಲ್ಲಿ ಮೊಬೈಲೂ ಇಲ್ಲದ ಮಗುವಿಗೆ ಆ ವರ್ಷ ತೆರೆದಿದ್ದ ಒಂದೇ ಸರ್ಕಾರಿ ಬಾಗಿಲು ಅದಾಗಿದ್ದ ಊರುಗಳು ಎಷ್ಟೋ. ಈ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಹೆಸರಿದೆ. ಇದು ನಮ್ಮ ರಾಜ್ಯದ ಈಚಿನ ಆಡಳಿತದಲ್ಲಿ ಹೆಮ್ಮೆಪಡಬೇಕಾದ ಕೆಲಸ ಎಂದು ನಾನು ಮನಃಪೂರ್ವಕವಾಗಿ ನಂಬುತ್ತೇನೆ.

ಲೆಕ್ಕ

ಹೆಮ್ಮೆಯ ನಡುವೆಯೂ ಒಂದು ಲೆಕ್ಕವನ್ನು ಹಾಕಿ ನೋಡಬೇಕು. ಕೈಗಾರಿಕೆ, ಬಡಾವಣೆ, ಮದುವೆ ಮಂಟಪಗಳಿರುವ ನಗರದಂಚಿನ ಪಂಚಾಯತಿಯೊಂದು ವರ್ಷಕ್ಕೆ ಒಂದು ಕೋಟಿ ರೂಪಾಯಿ ಕಂದಾಯ ವಸೂಲಿ ಮಾಡುತ್ತದೆ ಎಂದಿಟ್ಟುಕೊಳ್ಳೋಣ. ಅದರ ಗ್ರಂಥಾಲಯ ಕರ 6 ಲಕ್ಷ ರೂಪಾಯಿ. ಮಳೆಯಾಶ್ರಿತ ಬೇಸಾಯವೇ ಗತಿಯಾದ, ಅರ್ಧ ಊರು ದುಡಿಮೆಗೆ ವಲಸೆ ಹೋಗುವ ಕಡೆ ವಸೂಲಿ 2 ಲಕ್ಷವಾದರೆ ಗ್ರಂಥಾಲಯದ ಪಾಲು 12,000. ದಿನಕ್ಕೆ ನಾಲ್ಕು ಪತ್ರಿಕೆಗೆ, ಒಂದಕ್ಕೆ 6 ರೂಪಾಯಿಯಂತೆ ಹಿಡಿದರೂ, ವರ್ಷಕ್ಕೆ 8,760 ರೂಪಾಯಿ ಬೇಕು. ಉಳಿದದ್ದು 3,240. ಅದರಲ್ಲಿ ವಿದ್ಯುತ್ ಬಿಲ್ಲನ್ನೂ ಪೊರಕೆಯನ್ನೂ ಲೆಕ್ಕಕ್ಕೆ ಹಿಡಿಯದಿದ್ದರೂ, 150 ರೂಪಾಯಿಯ ಪುಸ್ತಕ ವರ್ಷಕ್ಕೆ 21 ಬರುತ್ತವೆ. ಮೊದಲನೆಯ ಪಂಚಾಯತಿ ಸಾವಿರಾರು ಪುಸ್ತಕ ಕೊಳ್ಳಬಲ್ಲದು, ಎರಡನೆಯದು 21. ಈ ಅಂಕಿಗಳು ಉದಾಹರಣೆಗಾಗಿ ನಾನೇ ಇಟ್ಟುಕೊಂಡವು. ಆದರೆ ಕರವು ಆಸ್ತಿ ತೆರಿಗೆಗೆ ಜೋಡಿಸಿಕೊಂಡಿರುವವರೆಗೆ ಇದರ ಪ್ರಮಾಣ ಬದಲಾಗದು. ಮನೆಯಲ್ಲಿ ಪುಸ್ತಕ ಕೊಳ್ಳಲಾಗದವರು ಹೆಚ್ಚಿರುವ ಊರಿಗೆ ಗ್ರಂಥಾಲಯದ ಹಣ ಕಡಿಮೆ ಬರುತ್ತದೆ.

ಹಿಂದಿನ ಏರ್ಪಾಟಿನಲ್ಲಿ ಇದಕ್ಕೊಂದು ಪರಿಹಾರ, ಕಾಗದದ ಮೇಲಾದರೂ, ಇತ್ತು. ಕರ ಜಿಲ್ಲಾ ಪ್ರಾಧಿಕಾರಕ್ಕೆ ಸೇರಿದರೆ, ಉಳ್ಳ ಪಂಚಾಯತಿಯ ಹಣದಲ್ಲಿ ಇಲ್ಲದ ಪಂಚಾಯತಿಗೂ ಪುಸ್ತಕ ಹೋಗಬಹುದಿತ್ತು. ಕೆರೆ ಇತ್ತು, ತೂಬು ಕಟ್ಟಿಕೊಂಡಿತ್ತು. ಈಗ ಪ್ರತಿ ಊರಿಗೂ ಸ್ವಂತ ಬಾವಿ ಇದೆ. ಕೆಲವದರಲ್ಲಿ ಮಾತ್ರ ನೀರಿದೆ. ಬಡ ಪಂಚಾಯತಿಗಳಿಗೆ ಹಣಕಾಸು ಆಯೋಗದ ಅನುದಾನ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ, ದಾನಿಗಳ ಪುಸ್ತಕ ಒದಗಿದ್ದುಂಟು. ದಾನಕ್ಕೆ ನನ್ನ ಗೌರವವಿದೆ. ಆದರೆ ದಾನವಾಗಿ ಬರುವ ಪುಸ್ತಕಗಳಲ್ಲಿ ಹಳೆಯ ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳೂ ಹಿಂದಿನ ಪಠ್ಯಕ್ರಮದ ಗೈಡುಗಳೂ ಎಷ್ಟಿರುತ್ತವೆ ಎಂಬುದನ್ನು ಯಾವ ಮೇಲ್ವಿಚಾರಕರನ್ನು ಕೇಳಿದರೂ ಹೇಳುತ್ತಾರೆ. ಕಾನೂನು ತಂದದ್ದೇ ಗ್ರಂಥಾಲಯ ದಾನವನ್ನು ನೆಚ್ಚಿಕೊಂಡಿರಬಾರದೆಂದು.

ಎರಡನೆಯ ನಷ್ಟ ಹಣದ್ದಲ್ಲ, ಕಸುಬಿನದು. ಇಲಾಖೆಯ ವ್ಯವಸ್ಥೆಯಲ್ಲಿ ಎಷ್ಟೇ ಜಡತ್ವವಿದ್ದರೂ ಗ್ರಂಥಾಲಯ ವಿಜ್ಞಾನ ಓದಿದವರು ಜಿಲ್ಲಾ ಕೇಂದ್ರದಲ್ಲಿದ್ದರು: ಯಾವ ಪುಸ್ತಕ ಯಾವ ವರ್ಗಕ್ಕೆ ಸೇರುತ್ತದೆ, ಹರಿದದ್ದನ್ನು ಯಾವಾಗ ದಾಸ್ತಾನಿನಿಂದ ತೆಗೆದುಹಾಕಬಹುದು, ಒಂದೇ ಪುಸ್ತಕದ ಐದು ಪ್ರತಿ ಒಂದೇ ಊರಿನಲ್ಲಿದ್ದರೆ ನಾಲ್ಕನ್ನು ಎಲ್ಲಿಗೆ ಕಳುಹಿಸಬೇಕು ಎಂಬುದನ್ನು ಬಲ್ಲವರು. ಪಿಡಿಒ ಅವರ ಮೇಜಿನ ಮೇಲೆ ಕುಡಿಯುವ ನೀರು, ಉದ್ಯೋಗ ಖಾತರಿ, ಇ-ಸ್ವತ್ತು, ಕಸ ವಿಲೇವಾರಿ, ಸಭೆಗಳ ಸರಮಾಲೆ ಇರುತ್ತದೆ. ಆಸಕ್ತಿಯಿರುವ ಪಿಡಿಒ ಇದ್ದಲ್ಲಿ ಗ್ರಂಥಾಲಯ ಅರಳುತ್ತದೆ. ಅವರ ವರ್ಗಾವಣೆಯಾದರೆ ಆರು ತಿಂಗಳಲ್ಲಿ ಪತ್ರಿಕೆಯ ಬಿಲ್ಲು ಬಾಕಿ ಬೀಳಲು ಶುರುವಾಗುತ್ತದೆ. ವ್ಯಕ್ತಿಯ ಆಸಕ್ತಿಯ ಮೇಲೆ ನಿಂತ ಕೆಲಸವನ್ನು ವ್ಯವಸ್ಥೆ ಎನ್ನಲಾಗದು. ಜಿಲ್ಲಾ ಕೇಂದ್ರ ಗ್ರಂಥಾಲಯ ಒಂದು ಇಲಾಖೆಯಲ್ಲಿ, ಪಂಚಾಯತಿ ಗ್ರಂಥಾಲಯ ಇನ್ನೊಂದರಲ್ಲಿ ಇರುವಾಗ ಇವೆರಡರ ನಡುವೆ ಪುಸ್ತಕ, ಪಟ್ಟಿ, ಸಲಹೆ ಓಡಾಡುವ ದಾರಿಯನ್ನು ಆದೇಶದಲ್ಲೇ ಬರೆದು ಗಟ್ಟಿ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆಂದು ಹಸ್ತಾಂತರವನ್ನು ಹಿಂದಕ್ಕೆ ತೆಗೆದುಕೊಳ್ಳುವುದು ತಪ್ಪಾದೀತು. ಬೀಗ ಬಿದ್ದ ಬೀರುವಿಗೆ ಮರಳಿದಂತಾಗುತ್ತದೆ. ಪಂಚಾಯತಿಯ ಕರದಲ್ಲಿ ಹೆಚ್ಚಿನ ಪಾಲು ಊರಿನಲ್ಲೇ ಉಳಿಯಲಿ. ಸಣ್ಣದೊಂದು ಪಾಲು ಜಿಲ್ಲೆಯ ಪುಸ್ತಕ ನಿಧಿಗೆ ಹೋಗಲಿ. ಆ ನಿಧಿಯನ್ನು ವಸೂಲಿ ಕಡಿಮೆ ಇರುವ ಪಂಚಾಯತಿಗಳ ಪುಸ್ತಕಗಳಿಗೆ ಮಾತ್ರ ಬಳಸಲಿ. ಪುಸ್ತಕದ ಪಟ್ಟಿಯನ್ನು ಮೇಲ್ವಿಚಾರಕರು ತಮ್ಮ ಓದುಗರನ್ನು ಕೇಳಿ ಕೊಡಲಿ, ಜಿಲ್ಲಾ ಗ್ರಂಥಪಾಲಕರು ಅದನ್ನು ಪರಿಶೀಲಿಸಲಿ. ಕಳೆದುಹೋಗುವ ಪುಸ್ತಕಗಳಿಗೆ ವರ್ಷಕ್ಕಿಷ್ಟು ಎಂದು ರಿಯಾಯಿತಿ ಇಟ್ಟು, ಮೇಲ್ವಿಚಾರಕರ ತಲೆಯ ಮೇಲಿನ ವಸೂಲಿಯ ಭಯವನ್ನು ಲಿಖಿತವಾಗಿ ತೆಗೆದುಹಾಕಲಿ. ಪುಸ್ತಕ ಊರಿಂದೂರಿಗೆ ಸುತ್ತುವುದಂತೂ ಹೊಸ ಕಲ್ಪನೆಯಲ್ಲ. ಬರೋಡಾ ಸಂಸ್ಥಾನದಲ್ಲಿ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದ ಗ್ರಂಥಪಾಲಕ ಬೋರ್ಡೆನ್ ಅವರನ್ನು ಕರೆಸಿಕೊಂಡು ಕಟ್ಟಿದ ವ್ಯವಸ್ಥೆಯಲ್ಲಿ ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ಹಳ್ಳಿಯಿಂದ ಹಳ್ಳಿಗೆ ಹೋಗುತ್ತಿತ್ತು.

ಮೊದಲು ಹೇಳಿದ ಅದೇ ಊರಿಗೆ ನಾನು ಹಸ್ತಾಂತರದ ಕೆಲವು ವರ್ಷಗಳ ಬಳಿಕ ಮತ್ತೆ ಹೋಗಿದ್ದೆ. ಬೀರುಗಳ ಗಾಜು ತೆಗೆದಿದ್ದರು. ಚಾಪೆಯ ಮೇಲೆ ಹತ್ತು ಹನ್ನೆರಡು ಮಕ್ಕಳು ಕುಳಿತಿದ್ದರು. ಎರವಲು ರಿಜಿಸ್ಟರನ್ನು ತಿರುವಿ ನೋಡಿದಾಗ ಏಳನೇ ತರಗತಿಯ ಹುಡುಗಿಯೊಬ್ಬಳ ಹೆಸರು ಜೂನ್‌ನಿಂದ ವಾರಕ್ಕೆ ಎರಡು ಸಲ ಬಂದಿತ್ತು, ನವೆಂಬರ್‌ನ ನಂತರ ಇರಲಿಲ್ಲ. ಶಾಲೆ ಬಿಟ್ಟಳೇ ಎಂದು ಗಾಬರಿಯಾಗಿ ಕೇಳಿದೆ. ಮೇಲ್ವಿಚಾರಕರು ನಕ್ಕು, “ಇಲ್ಲ ಸರ್, ಮಕ್ಕಳ ಪುಸ್ತಕ ಇದ್ದದ್ದೆಲ್ಲ ಓದಿ ಮುಗಿಸಿದಳು. ಹೊಸದು ಬಂದ್ರೆ ಹೇಳಿ ಅಣ್ಣ ಅಂದಿದ್ದಾಳೆ” ಎಂದರು. ಅದೇ ವಾರ ಅವರು ನೆರೆಯ ಪಂಚಾಯತಿಯ ಮೇಲ್ವಿಚಾರಕಿಯೊಂದಿಗೆ ಮಾತಾಡಿಕೊಂಡು, ಎರಡೂ ಕಡೆಯ ಪಿಡಿಒಗಳಿಂದ ಒಂದೊಂದು ಪತ್ರ ಬರೆಸಿಕೊಂಡು, ನಲವತ್ತು ಪುಸ್ತಕಗಳನ್ನು ಗೋಣಿಚೀಲದಲ್ಲಿ ಕಟ್ಟಿ ತಮ್ಮ ಸ್ಕೂಟರಿನಲ್ಲಿ ಒಯ್ದು, ಅಲ್ಲಿಂದ ನಲವತ್ತನ್ನು ತಂದಿದ್ದರು. ಕೈಬರಹದ ಪಟ್ಟಿಯ ಕೆಳಗೆ ಇಬ್ಬರ ಸಹಿಯೂ ಇತ್ತು, ಮೂರು ತಿಂಗಳಿಗೆ ವಾಪಸು ಎಂಬ ಷರಾ ಇತ್ತು. ಪೆಟ್ರೋಲಿನ ಖರ್ಚನ್ನು ಯಾವ ಬಾಬತ್ತಿಗೆ ಹಾಕಬೇಕೆಂದು ಗೊತ್ತಾಗದೆ ಆ ಕಾಲಮ್ಮನ್ನು ಅವರು ಖಾಲಿ ಬಿಟ್ಟಿದ್ದರು.